ಎಂಟು ಸಲ ‘ಕೂತಿದ್ದೆ’ ಎಂದು ಬರೆಸಿಕೊಂಡ ಯಂತ್ರಕ್ಕೆ

ಎದೆಬಡಿತ ಬರೆದುಕೊಳ್ಳುವ ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಈಗ ಸಂಜೆ ಏಳು ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಯ ನರ್ಸಮ್ಮ ತಮ್ಮನ್ನು ಐದು ತಂತಿಗಳಿಂದ ನನ್ನ ಎದೆಗೆ ಅಂಟಿಸಿ, ಸೊಂಟಕ್ಕೆ ಬಿಗಿದು ಕಳಿಸಿದಾಗಿನಿಂದ ನಡೆದದ್ದು ಇಷ್ಟೇ: ತಾವು ಬರೆದುಕೊಂಡಿರಿ, ನಾನು ಕೂತಿದ್ದೆ. ಅರವತ್ತೆಂಟು ವರ್ಷದ ಈ ದೇಹವನ್ನು ಇಷ್ಟು ಹೊತ್ತು ಬಿಡದೆ ಅಪ್ಪಿಕೊಂಡವರು ಬೇರೆ ಯಾರೂ ಇಲ್ಲವಾದ್ದರಿಂದ, ಮೊದಲಿಗೆ ತಮಗೆ ನನ್ನ ಹೃತ್ಪೂರ್ವಕ, ಅಂದರೆ ತಾವು ಈಗಾಗಲೇ ಎಣಿಸಿಟ್ಟಿರುವ, ವಂದನೆಗಳು.

ಆದರೂ ದೂರೊಂದಿದೆ. ತಮ್ಮ ಜೊತೆ ಕೊಟ್ಟ ಹಾಳೆಯಲ್ಲಿ ಗಂಟೆಗೊಮ್ಮೆ ‘ಏನು ಮಾಡುತ್ತಿದ್ದಿರಿ’ ಎಂಬುದಕ್ಕೆ ಉತ್ತರ ಬರೆಯಬೇಕಂತೆ. ಹತ್ತಕ್ಕೆ ‘ಕೂತಿದ್ದೆ’ ಎಂದು ಬರೆದೆ. ಹನ್ನೊಂದಕ್ಕೂ ಅದೇ. ಒಂದಕ್ಕೆ ತಟ್ಟೆ ಮುಂದಿಟ್ಟುಕೊಂಡಿದ್ದೆನಾದರೂ ‘ಊಟ ಮಾಡಿದೆ’ ಎಂದು ಬರೆಯಲು ಕೈ ಬರಲಿಲ್ಲ. ಐದಕ್ಕೆ, ಬೆಳಿಗ್ಗೆ ನನ್ನನ್ನು ಆಸ್ಪತ್ರೆಗೆ ಕರೆದೊಯ್ದಿದ್ದ ಅಕ್ಕನ ಮಗಳು ಕೆಲಸ ಮುಗಿಸಿ ಬಂದವಳು ಹಾಳೆ ನೋಡಿ, “ಇದೇನು ಚಿಕ್ಕಮ್ಮ, ಎಂಟು ಸಲಾನೂ ಕೂತಿದ್ದೆ ಅಂತಾನೇ ಇದೆ, ಮಧ್ಯೆ ಏಳ್ಲೇ ಇಲ್ವಾ?” ಎಂದಳು. “ಎದ್ದಿದ್ನಲ್ಲೇ, ಮತ್ತೆ ಕೂರೋಕೆ” ಎಂದೆ. ಅವಳು ನಗಲಿಲ್ಲ.

ತಮಗೆ ಹಿಂದಿನದು ತಿಳಿಯದು. ಅಕ್ಕ, ನಾನು ಮೂವತ್ತೊಂಬತ್ತು ವರ್ಷ ಮನೆಯ ಮುಂದಿನ ಕೋಣೆಯಲ್ಲೇ ಎದುರುಬದುರು ಕೂತು ಬಟ್ಟೆ ಹೊಲಿದವರು. ಗಿರಾಕಿಗಳಿಗೆ ಅವಳು ದೊಡ್ಡ ಟೈಲರಮ್ಮ, ನಾನು ಚಿಕ್ಕ ಟೈಲರಮ್ಮ. ಎರಡು ವರ್ಷದ ಹಿಂದೆ ನನ್ನ ಎದೆ ಹಳೇ ಹೊಲಿಗೆ ಯಂತ್ರದ ಹಾಗೆ ನಡುನಡುವೆ ಹೊಲಿಗೆ ಬಿಡಲು ಶುರುಮಾಡಿದಾಗ, “ಒಪ್ಪಿಕೊಂಡ ಬಟ್ಟೆ ಮುಗಿಸೋವರೆಗೂ ನಿನ್ನ ಎದೆ ನಿಲ್ಲೋಕೆ ನಾನು ಬಿಡಲ್ಲ” ಎಂದಿದ್ದವಳು, ತಾನು ಒಂದೂ ಹೊಲಿಗೆ ಬಿಡದೆ, ಐದು ತಿಂಗಳ ಹಿಂದೆ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಅಂದಿನಿಂದ ಗಿರಾಕಿಗಳಿಗೆ ಆ ಕೋಣೆಯ ಬಾಗಿಲು ತೆಗೆದಿಲ್ಲ. ಕೇಳಿದವರಿಗೆಲ್ಲ ಎದೆ ಸರಿಯಿಲ್ಲ ಎಂದೆ. ಎಲ್ಲರೂ ನಂಬಿದರು, ನಾನೂ ನಂಬಿದೆ. ಡಾಕ್ಟರೊಬ್ಬರು ಮಾತ್ರ, ಮಾತ್ರೆಗೆ ಬಡಿತ ಹಿಡಿತಕ್ಕೆ ಬಂದ ಹಾಗಿದೆಯಲ್ಲ, ನೋಡೇಬಿಡೋಣ ಎಂದು ತಮ್ಮನ್ನು ನನ್ನ ಬೆನ್ನಿಗೆ ಬಿಟ್ಟರು.

ಆದ್ದರಿಂದ ವಿನಂತಿ: ದಯಮಾಡಿ ಒಂದು ದೊಡ್ಡ ದೋಷ ಹಿಡಿಯಿರಿ. ಇಲ್ಲವಾದರೆ ನನ್ನ ಎದೆ ನಿರಪರಾಧಿ ಎಂದು ಬಿಡುಗಡೆಯಾಗಿ, ದಿನವಿಡೀ ಕೂತ ಆರೋಪ ನನ್ನೊಬ್ಬಳ ತಲೆಗೆ ಬರುತ್ತದೆ. ಅದಾಗದಿದ್ದರೆ ಆರನೆಯ ತಂತಿಯೊಂದನ್ನು ಹೆತ್ತು, ಎದುರಿನ ಅಕ್ಕನ ಕುರ್ಚಿಗೆ ಅಂಟಿಸಿ, ಅಲ್ಲಿ ಬಡಿತವೇಕಿಲ್ಲ ಎಂದು ವರದಿ ಕೊಡಿ. ಅದೂ ಹೆಚ್ಚಾಯಿತೆಂದರೆ ತಾವೇ ದೊಡ್ಡ ಟೈಲರಮ್ಮನ ಹುದ್ದೆಗೆ ಬನ್ನಿ. ಗಂಟೆಗೊಮ್ಮೆ ಏನು ಮಾಡ್ತಿದ್ದೀಯೇ ಎಂದು ಕೇಳುವ ಕೆಲಸ ತಮಗೆ ರೂಢಿಯಾಗಿದೆ, ಉಳಿದದ್ದು ಗುಂಡಿಗೆ ಕಾಜಾ ಹೊಲಿಯುವುದು, ನಾನು ಕಲಿಸುತ್ತೇನೆ.

ಆರು ಗಂಟೆಗೆ ಒಂಬತ್ತನೆಯ ‘ಕೂತಿದ್ದೆ’ ಬರೆಯಲು ನಾಚಿಕೆಯಾಗಿ, ಅಕ್ಕನ ಯಂತ್ರದ ಮುಸುಕು ತೆಗೆದು, ದಾರ ಪೋಣಿಸದೆ ತುಳಿದೆ. ಅಡುಗೆಮನೆಯಲ್ಲಿದ್ದ ಅವಳ ಮಗಳು ಕೈಯಲ್ಲಿ ಲೋಟ ಹಿಡಿದೇ ಓಡಿಬಂದು ಬಾಗಿಲಲ್ಲಿ ನಿಂತಳು. ಯಾರು ತುಳಿಯುತ್ತಿದ್ದಾರೆ ಅಂದುಕೊಂಡಳೋ ಏನೋ. ಹಾಳೆಯಲ್ಲಿ ‘ಹೊಲಿದೆ’ ಎಂದು ಬರೆದು, ದಾರವಿಲ್ಲದ್ದು ಹೊಲಿಗೆಯಲ್ಲವಾದ್ದರಿಂದ ಹೊಡೆದುಹಾಕಿ, ‘ಕೂತು ತುಳಿದೆ’ ಎಂದು ತಿದ್ದಿದೆ. ಅವಳು ಪಕ್ಕದಲ್ಲಿ ಕೂತು, “ಬಡಿತ ತಪ್ಪೋರಿಗೆ ಮನಸ್ಸು ಕುಗ್ಗೋದೂ ಉಂಟಂತೆ ಚಿಕ್ಕಮ್ಮ, ಅದಕ್ಕೂ ಔಷಧಿ ಇದೆಯಂತೆ. ನರ್ಸಮ್ಮ ಬೆಳಿಗ್ಗೆ ನಿನ್ನ ಮುಂದೇನೇ ಹೇಳಿದ್ರಲ್ಲ” ಎಂದಳು. ಕೇಳಿಸಿತ್ತು. ತಂತಿ ಕಚಗುಳಿ ಇಡುತ್ತದೆ ಎಂದು ಮಾತು ಹಾರಿಸಿದ್ದೆ. ಆ ಸುಳ್ಳಿಗೆ ತಾವೇ ಸಾಕ್ಷಿ.

ತಮ್ಮ ಐದೂ ತಂತಿಗಳಿಗೆ ಸಿಕ್ಕಿಬಿದ್ದ ವಿಶ್ವಾಸಿ,
ಚಿಕ್ಕ ಟೈಲರಮ್ಮ

ವಿ.ಸೂ.: ತಾವು ಇಡೀ ದಿನ ಎದೆಯ ಮೇಲೆಯೇ ಇದ್ದರೂ ಒಳಗೇನಿದೆ ಎಂದು ಹೊಳೆಯಲಿಲ್ಲ, ಅಕ್ಕನ ಮಗಳಿಗೆ ಒಂದು ಹಾಳೆ ಸಾಕಾಯಿತು. ಎಂಟೂ ‘ಕೂತಿದ್ದೆ’ಗಳನ್ನು ಅಳಿಸದೆ ಬಿಟ್ಟಿದ್ದೇನೆ. ನಾಳೆ ಒಂಬತ್ತಕ್ಕೆ ತಮ್ಮನ್ನು ಬಿಚ್ಚುತ್ತಾರೆ. ಒಂಬತ್ತೂವರೆಗೆ ಡಾಕ್ಟರು ಹಾಳೆ ಓದುತ್ತಾರೆ. ಅಕ್ಕನ ಮಗಳು ಅರ್ಧ ದಿನ ರಜೆ ಹಾಕಿದ್ದಾಳೆ.