ರೂಟರ್ ಬಿಟ್ಟೂ ಮಾವನ ‘ಪರವಾಗಿಲ್ಲ’ವೂ

ನಮ್ಮ ಬಡಗಿ ಕಸುಬಿನಲ್ಲಿ ಹಲಗೆ ಸುಮ್ಮನಿದ್ದರೆ ಮನುಷ್ಯರು ಸುಮ್ಮನಿರುವುದಿಲ್ಲ, ಮನುಷ್ಯರು ಸುಮ್ಮನಿದ್ದರೆ ಹಲಗೆ ಸುಮ್ಮನಿರುವುದಿಲ್ಲ. ಕನಕಪುರದ ನನ್ನ ಶೆಡ್ಡಿನಲ್ಲಿ ಎರಡೂ ಒಟ್ಟಿಗೆ ಕೆರಳಿದ್ದು ನಮ್ಮ ಮಾವನವರ ಶೆಲ್ಫು ಮಾಡುವಾಗ.

ಮಾವ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರು. ಅರಗಿನ ಬಣ್ಣ ಹಾಕಿದ ಮೇಲೆ ಉಗುರು ಓಡಿಸಿ ನುಣುಪು ನೋಡುತ್ತಾರೆ. ಅವರ ಮಗಳನ್ನು ಮದುವೆಯಾಗಿ ಹನ್ನೊಂದು ವರ್ಷವಾದರೂ ನನ್ನ ಒಂದು ಕೆಲಸಕ್ಕೂ ಅವರ ಬಾಯಿಂದ ‘ಪರವಾಗಿಲ್ಲ’ ಎಂಬ ಮಾತು ಬಂದಿರಲಿಲ್ಲ. ಅಂಥವರು ಗೊಂಬೆ ಜೋಡಿಸಲು ಬಿಳಿ ಪದರ ಅಂಟಿಸಿದ ಮೆಲಮೈನ್ ಬೋರ್ಡಿನ ಶೆಲ್ಫು ಕೇಳಿದರು. “ಪುಡಿ ಒತ್ತಿ ಮಾಡಿದ್ದು ಮರವಾ ಅಳಿಯಂದ್ರೇ? ಆದ್ರೂ ಗೊಂಬೆ ಬಣ್ಣ ಎದ್ದು ಕಾಣ್ತೈತೆ, ಮಾಡಿ.” ಈ ಸಲ ಆ ಒಂದು ಮಾತು ಗಿಟ್ಟಿಸಲೇಬೇಕೆಂದು ಹಟ ಹಿಡಿದೆ.

1. ಬಳೆ ಮತ್ತು ಕೈ

ಅಡ್ಡಹಲಗೆ ಕೂರಲು ಪಕ್ಕದ ಹಲಗೆಯಲ್ಲಿ ಕಾಲುವೆಯಂಥ ಗ್ರೂವ್ ಹೊಡೆಯಬೇಕು. ರೂಟರ್ ಎಂಬ ಮರ ಕೊರೆಯುವ ಮಷೀನಿಗೆ ಸಿಕ್ಕಿಸುವ ಬಿಟ್ ಆ ಕೆಲಸ ಮಾಡುತ್ತದೆ. ಬೋರ್ಡು ಹದಿನೆಂಟು ಎಂಎಂ ಎಂದು ಹದಿನೆಂಟರ ಬಿಟ್ಟೇ ತಂದೆ. ಹಲಗೆ ಗ್ರೂವಿನಲ್ಲಿ ಸಡಿಲ ಹಲ್ಲಿನ ಹಾಗೆ ಅಲ್ಲಾಡಿತು. ಅಳೆದರೆ ಬೋರ್ಡೇ ಅರ್ಧ ಎಂಎಂ ತೆಳು.

ಹಾರ್ಡ್‌ವೇರ್ ಅಂಗಡಿಯ ಯಜಮಾನರು ಹೇಳಿದರು: “ಕೈ ಮನೇಲಿ ಬುಟ್ಟು ಬಳೆ ಕೊಳ್ಳಾಕೆ ಬಂದಿದ್ದೀಯಲ್ಲಪ್ಪ. ಸಣ್ಣ ಬಿಟ್ ತಗಂಡು ಎರಡು ಸಲ ಓಡ್ಸು.”

ಅಂದಿನಿಂದ ಅಂಗಡಿಗೆ ಹೊರಟರೆ ಬಗಲಲ್ಲಿ ಬೋರ್ಡಿನ ತುಂಡು ಇರುತ್ತದೆ. ಒಮ್ಮೆ ಹಾರೋಹಳ್ಳಿ ಬಸ್ಸಿನಲ್ಲಿ ಪಕ್ಕದ ಅಜ್ಜಿ ಆ ಬಿಳಿ ತುಂಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಮನೆ ಹೆಸ್ರು ಇನ್ನೂ ಬರ್ಸಿಲ್ವಾ ಮಗ?” ಎಂದು ಕೇಳಿತು.

2. ಹಲಸಿನ ತೊಳೆ

ಸಣ್ಣ ಬಿಟ್ ಹಾಕಿದೆ. ಅಳತೆ ಸರಿಹೋಯಿತು, ಆದರೆ ಗ್ರೂವಿನ ಎರಡು ಅಂಚೂ ಹಪ್ಪಳ ಮುರಿದಂತೆ ಚಕ್ಕೆ ಎದ್ದವು. ಮಷೀನನ್ನೂ ಕರೆಂಟನ್ನೂ ಬೈದೆ. ಟೀ ತಂದ ಹೆಂಡತಿ ಬಿಟ್ಟಿನ ಸುರುಳಿ ನೋಡಿ, “ರೀ, ಇದು ಹಲಸಿನ ತೊಳೆ ಕಿತ್ತಂಗೆ ಮೇಲಕ್ಕೆ ಎಳೀತೈತೆ. ಕೆಳಕ್ಕೆ ಒತ್ತೋದು ಬರಾಕಿಲ್ವಾ?” ಎಂದಳು.

ನಾನು ನಕ್ಕೆ. ಎರಡು ಬೋರ್ಡು ಹಾಳಾದ ಮೇಲೆ ನಗು ನಿಲ್ಲಿಸಿ ಅಂಗಡಿಗೆ ಹೋಗಿ ಕೇಳಿದೆ.

“ಐತಲ್ಲ, ಸುರುಳಿ ಕೆಳಕ್ಕೆ ತಿರುಗಿರೋದು. ಬಿಳಿ ಬೋರ್ಡಿಗೆ ಅದೇ ಸರಿ. ಯಾರು ಹೇಳಿದ್ರು?”

“ಮನೆಯವರು.”

“ಇನ್ಮೇಲೆ ಅವರನ್ನೇ ಕಳ್ಸು.”

3. ಆಯುಧಪೂಜೆ

ಹೊಸ ಬಿಟ್ ಬಂದ ಮಾರನೆಯ ದಿನವೇ ಆಯುಧಪೂಜೆ. ಹೆಂಡತಿ ನನ್ನ ಹತಾರದ ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಸಾಲಾಗಿ ಇಟ್ಟು, ನೆನೆಸಿದ ಅರಿಶಿನ ಕುಂಕುಮ ಹಚ್ಚಿದಳು. ತನ್ನ ಸಲಹೆಯ ಬಿಟ್ಟಿಗೆ ಒಸಿ ಜಾಸ್ತಿಯೇ ಬಿತ್ತು. ಪೂಜೆ ಮಾಡಿದ್ದನ್ನು ಒರೆಸಲು ನನಗೆ ಮನಸ್ಸು ಬರಲಿಲ್ಲ. ಮರುದಿನ ಮಷೀನು ಓಡಿಸಿದರೆ ಬಿಳಿ ಬೋರ್ಡಿನ ಈ ತುದಿಯಿಂದ ಆ ತುದಿಗೆ ಉದ್ದ ಕೆಂಪು ಗೆರೆ.

“ಚಕ್ಕೆ ಎದ್ದಿಲ್ಲ ನೋಡಿ,” ಎಂದಳು ಹೆಂಡತಿ.

4. ಆನೆ ಯಾಕೆ ಗೋಡೆ ನೋಡ್ತೈತೆ?

ಕೊನೆಗೂ ಶೆಲ್ಫು ಚನ್ನಪಟ್ಟಣ ಸೇರಿತು. ಎಂಟು ಗ್ರೂವಿನಲ್ಲಿ ಏಳು ಸೊಗಸು. ಎಂಟನೆಯದರ ತುದಿಯಲ್ಲಿ, ಬಿಟ್ ಹೊರಬರುವಾಗ, ಅಕ್ಕಿಕಾಳಿನಷ್ಟು ಚಕ್ಕೆ ಹಾರಿತ್ತು. ಮಾವ ಕೈಕಾಲು ತೊಳೆದು ಬರುವಷ್ಟರಲ್ಲಿ ಅದಕ್ಕೆ ಅಡ್ಡವಾಗಿ ಒಂದು ಆನೆ ಗೊಂಬೆ ನಿಲ್ಲಿಸಿದೆ.

ಮಾವ ಒಂದೊಂದೇ ಗ್ರೂವಿಗೆ ಉಗುರು ಓಡಿಸುತ್ತ ಬಂದರು. ನನಗೆ ಮದುವೆ ಮಾತುಕತೆಯ ದಿನವೂ ಅಷ್ಟು ಎದೆ ಹೊಡೆದುಕೊಂಡಿರಲಿಲ್ಲ. ಕೊನೆಗೆ ನಿಂತರು.

“ಆನೆ ಯಾಕೆ ಗೋಡೆ ನೋಡ್ತೈತೆ?”

ಆನೆ ಎತ್ತಿದರು. ಚಕ್ಕೆ ಕಂಡರು. ಒಳಗೆ ಹೋಗಿ ಬಿಳಿ ಅರಗಿನ ಕಡ್ಡಿ ತಂದು, ದೀಪಕ್ಕೆ ಹಿಡಿದು, ಗಾಯಕ್ಕೆ ಒತ್ತಿ, ಚಾಕುವಿನಲ್ಲಿ ಸವರಿದರು. ಉಗುರು ಓಡಿಸಿದರು.

“ಪರವಾಗಿಲ್ಲ.”

ಯಾರ ಕೆಲಸಕ್ಕೆ ಅಂದರೋ ಕೇಳುವ ಧೈರ್ಯ ಬರಲಿಲ್ಲ. ನನ್ನದಕ್ಕೇ ಎಂದು ಇಟ್ಟುಕೊಂಡೆ, ನಿಜಕ್ಕೂ ಕಣ್ಣು ತುಂಬಿತು.

ಈಗ ಮನೆಗೆ ಯಾರೇ ಬರಲಿ, ಮಾವ ಅವರನ್ನು ಶೆಲ್ಫಿನ ಮುಂದೆ ನಿಲ್ಲಿಸಿ, “ಚಕ್ಕೆ ಎದ್ದಿದ್ದು ಎಲ್ಲಿ, ಹುಡುಕಿ,” ಎನ್ನುತ್ತಾರೆ. ಯಾರಿಗೂ ಸಿಗುವುದಿಲ್ಲ. ಮೊನ್ನೆ ಅವರ ಬೀದಿಯವರೊಬ್ಬರು ನನಗೆ ಫೋನ್ ಮಾಡಿ, “ನಮಗೂ ಅಂಥದ್ದೇ ಶೆಲ್ಫು ಬೇಕು. ಒಂದು ಕಡೆ ಮಾತ್ರ ಚಕ್ಕೆ ಎಬ್ಸಿ ಕೊಡಿ, ನಿಮ್ಮ ಮಾವನ ಕೈಲಿ ತುಂಬಿಸ್ಕತ್ತೀವಿ,” ಎಂದರು.

ಇದಕ್ಕೆ ಯಾವ ಬಿಟ್ ಕೊಳ್ಳಲಿ ಎಂದು ಅಂಗಡಿ ಯಜಮಾನರನ್ನು ಕೇಳಿದೆ.

“ಹೊಸದ್ಯಾಕೆ? ಮೇಲಕ್ಕೆ ಎಳೆಯೋ ನಿನ್ ಹಳೇದು ಇಟ್ಟಿದ್ದೀಯಲ್ಲ.”