ಲೆಕ್ಕದ ಮೇಷ್ಟ್ರು ಸೈಕಲ್ ಮಾರಿದ ಕ್ರಮ

ತಮಗೆ ಟೋಪಿ ಹಾಕುವವನು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ಲೆಕ್ಕದ ಮೇಷ್ಟ್ರ ಖಚಿತ ಅಭಿಪ್ರಾಯ. ಅದನ್ನು ಅವರು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಬೆಳಗಿನ ಕಾಫಿಗೊಮ್ಮೆ, ರಾತ್ರಿಯ ಊಟಕ್ಕೊಮ್ಮೆ ಮನೆಯವರ ಕಿವಿ ತುಂಬುವಂತೆ ಸಾರುತ್ತಿದ್ದರು. ಜೀವಮಾನವಿಡೀ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವರು, ಕಾಪಿ ಹೊಡೆದ ಹುಡುಗನನ್ನು ಅವನ ಕಿವಿ ನೋಡಿಯೇ ಹಿಡಿಯುತ್ತಿದ್ದವರು. (ಕಾಪಿ ಹೊಡೆದವನ ಕಿವಿ ಕೆಂಪಗಾಗುತ್ತದಂತೆ. ಒಮ್ಮೆ ಚಳಿಗಾಲದಲ್ಲಿ ಇಡೀ ತರಗತಿಯನ್ನೇ ಹೊರಗೆ ನಿಲ್ಲಿಸಿದ್ದರೆಂದು ಅವರ ಹೆಂಡತಿ ಹೇಳುತ್ತಾರೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.)

ಉತ್ತರಪತ್ರಿಕೆ ತಿದ್ದುವುದರಲ್ಲಿ ಮೇಷ್ಟ್ರಿಗೆ ತಮ್ಮದೇ ಆದ ಸಿದ್ಧಾಂತವಿತ್ತು. "ಹಂತ ಮುಖ್ಯ. ಹಂತ ಎಲ್ಲಾ ಸರಿ ಇದ್ರೆ ಉತ್ತರ ಸರಿ ಇದ್ದೇ ಇರುತ್ತೆ. ನಾನು ಕೊನೇ ಸಾಲು ನೋಡೋದೇ ಇಲ್ಲ" ಎನ್ನುವಾಗ ಅವರ ಎದೆ ಒಂದು ಗೇಣು ಮುಂದೆ ಬರುತ್ತಿತ್ತು.

ಈಗ ಸೈಕಲ್ಲಿನ ವಿಷಯ. ನಿವೃತ್ತರಾದ ಹುರುಪಿನಲ್ಲಿ ಮೇಷ್ಟ್ರು ಮನೆಯೊಳಗೆ ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ಲೊಂದನ್ನು ತಂದಿದ್ದರು. ಕೆಲವು ದಿನ ಅವರು ತುಳಿದರು. ಆಮೇಲೆ ಮನೆಯ ಒದ್ದೆ ಟವೆಲ್ಲುಗಳು ಸವಾರಿ ಮಾಡತೊಡಗಿದವು. ಬಾಲ್ಕನಿಗೆ ಹೋಗುವ ದಾರಿಗೆ ಅಡ್ಡವಾಗಿ ನಿಂತಿದ್ದ ಆ ಉಕ್ಕಿನ ಕುದುರೆಗೆ ಅವರ ಹೆಂಡತಿಯ ಕಾಲಿನ ಕಿರುಬೆರಳು ಬಡಿಯದ ದಿನವೇ ಇರಲಿಲ್ಲ.

"ರೀ, ಇದು ಈ ಮನೇಲಿರ್ಬೇಕು, ಇಲ್ಲಾ ನನ್ನ ಕಿರುಬೆರಳಿರ್ಬೇಕು. ನಮ್ಮ ತಮ್ಮನಿಗೆ ಹೇಳ್ತೀನಿ, ಆನ್‌ಲೈನಲ್ಲಿ ಹಾಕಿ ಮಾರಿಸ್ಕೊಡ್ತಾನೆ."

"ಯಾರು, ನಿನ್ನ ತಮ್ಮನಾ?" ಮೇಷ್ಟ್ರು ಪೇಪರು ಮಡಿಸಿಟ್ಟರು. ನಗಲು ಅವರಿಗೆ ಎರಡೂ ಕೈ ಬೇಕಾಗುತ್ತಿತ್ತು.

ಪಾತ್ರೆ ಅಂಗಡಿ ಇಟ್ಟಿದ್ದ ಆ ಭಾವಮೈದುನ ಹಿಂದೊಮ್ಮೆ ತನ್ನ ಮಂಚವನ್ನು ಆನ್‌ಲೈನಿನಲ್ಲಿ ಮಾರಲು ಹೋಗಿದ್ದ. ಕೊಳ್ಳಲು ಬಂದವನು ಹಣ ಹಾಕಿದ್ದೇನೆಂದು ಮೊಬೈಲಿನಲ್ಲೊಂದು ಚಿತ್ರ ತೋರಿಸಿ ಮಂಚ ಹೊತ್ತುಕೊಂಡು ಹೋದ. ಹಣ ಮಾತ್ರ ಇವತ್ತಿನವರೆಗೂ ಬಂದಿಲ್ಲ. ಮಂಚ ಕಟ್ಟಲು ಹಗ್ಗ ಒದಗಿಸಿದವನೂ ಭಾವಮೈದುನನೇ. "ಹಗ್ಗಾನೂ ಕೊಟ್ಯಲ್ಲೋ" ಎಂದು ಮೇಷ್ಟ್ರು ನೆಂಟರಿಷ್ಟರು ಸೇರಿದ ಕಡೆಯಲ್ಲೆಲ್ಲ ಅವನ ಮಾನ ಹರಾಜು ಹಾಕಿದ್ದರು.

"ಕೇಳು ಇಲ್ಲಿ. ಇದನ್ನ ನಾನೇ ಮಾರ್ತೀನಿ. ನಾನೇನಾದ್ರೂ ಮೋಸ ಹೋದ್ರೆ ಅವತ್ತಿಂದ ಈ ಮನೆ ವ್ಯವಹಾರ, ಈ ಮೊಬೈಲು, ಎಲ್ಲಾ ನಿನ್ನ ಕೈಗೆ. ನೀನು ಕೊಟ್ಟ ಚಿಲ್ಲರೆ ಇಸ್ಕೊಂಡು ತರಕಾರಿ ತರ್ತೀನಿ."

ಹೆಂಡತಿ ಒಳಗೆ ಹೋಗಿ ತಮ್ಮನಿಗೆ ಫೋನು ಮಾಡಿ, ಈ ಘೋರ ಪ್ರತಿಜ್ಞೆಗೆ ಅವನನ್ನು ಸಾಕ್ಷಿಯಾಗಿ ಇರಿಸಿಕೊಂಡರು.

ಜಾಹೀರಾತು ಹಾಕಿದ ಸ್ವಲ್ಪ ಹೊತ್ತಿಗೇ ಒಬ್ಬ ಫೋನು ಮಾಡಿದ. ತಾನು ದೊಡ್ಡ ಆಫೀಸರು, ಈಗಷ್ಟೇ ವರ್ಗವಾಗಿದೆ, ಸೈಕಲ್ ನೋಡುವ ಅಗತ್ಯವೇ ಇಲ್ಲ, ಹೇಳಿದ ಬೆಲೆ ಪೂರ್ತಿ ಕೊಡುತ್ತೇನೆ, ಸಂಜೆ ಆಳು ಬಂದು ಒಯ್ಯುತ್ತಾನೆ ಎಂದ. ಹಣ ಹಾಕಿದ್ದಕ್ಕೆ ಸಾಕ್ಷಿಯಾಗಿ ಒಂದು ಚಿತ್ರವನ್ನೂ ಕಳಿಸಿದ. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. ಚಿತ್ರದಲ್ಲಿದ್ದ ತಾರೀಖು ಹಿಂದಿನ ದಿನದ್ದು. ಅಂದರೆ ಜಾಹೀರಾತು ಹುಟ್ಟುವ ಮೊದಲೇ ಪುಣ್ಯಾತ್ಮ ಹಣ ಕಳಿಸಿಬಿಟ್ಟಿದ್ದ.

ಮೇಷ್ಟ್ರು ತಾವೇ ಫೋನು ಹಚ್ಚಿದರು.

"ದುಡ್ಡು ಬಂತಾ ಸರ್?"

"ಬಂದಿಲ್ಲ, ಬರೋದೂ ಇಲ್ಲ. ನೀನು ಮೊದಲು ಕೂತ್ಕೋ."

ಆ ಧ್ವನಿಗೆ ಅದೇನು ಶಕ್ತಿಯೋ, ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

ಬೇರೆ ಯಾರೇ ಆಗಿದ್ದರೂ ಇಲ್ಲಿಗೆ ಫೋನಿಟ್ಟು ಪೊಲೀಸರಿಗೆ ತಿಳಿಸುತ್ತಿದ್ದರು. ಆದರೆ ಮೇಷ್ಟ್ರಿಗೆ ತಪ್ಪು ಲೆಕ್ಕ ಕಣ್ಣಿಗೆ ಬಿದ್ದರೆ ತಿದ್ದದೆ ಮುಂದೆ ಹೋಗುವ ಅಭ್ಯಾಸವೇ ಇಲ್ಲ. ಅದು ಅವರ ರಕ್ತದಲ್ಲೇ ಬಂದ ಕಾಯಿಲೆ.

"ಒಂದು ಹಂತಾನೂ ಸರಿ ಇಲ್ವಲ್ಲೋ. ಹಳೇ ಸಾಮಾನು ಕೊಳ್ಳೋನು ಚೌಕಾಸಿ ಮಾಡದೆ ಕೊಳ್ತಾನಾ? ಬಂದು ನೋಡ್ಬೇಕು, ನೋಡಿ ಮೂಗು ಮುರೀಬೇಕು. ಅದು ಸರಿ ಇಲ್ಲ ಇದು ಸರಿ ಇಲ್ಲ ಅನ್ಬೇಕು. ಬೇಡ ಅಂತ ಎದ್ದು ಗೇಟಿನ ತನಕ ಹೋಗಿ ವಾಪಸ್ ಬರ್ಬೇಕು. ಆಫೀಸರು ಅಂತ ಯಾಕೆ ಹೇಳ್ದೆ? ನಾನು ಕೇಳಿದ್ನಾ?"

"ಇಲ್ಲ ಸರ್."

"ಕೇಳದೆ ಇದ್ದದ್ದನ್ನ ಬರೀಬಾರದು. ಆಮೇಲೆ ಈ ಚಿತ್ರ. ನೀನೇ ಕಳಿಸಿದ್ದನ್ನ ಯಾರು ನಂಬ್ತಾರೆ? ಬ್ಯಾಂಕಿಂದಲೇ ಬಂದ ಹಾಗೆ ಇರ್ಬೇಕು. ತಾರೀಖಾದ್ರೂ ನೋಡ್ಕೋಬೇಡ್ವಾ? ಅರ್ಥ ಆಯ್ತಾ?"

"ಆಯ್ತು ಸರ್." ಆ ಕಡೆಯ ದನಿ ಮೆತ್ತಗಾಗಿತ್ತು. "ಇಷ್ಟು ಬಿಡಿಸಿ ನನಗೆ ಯಾರೂ ಹೇಳಿರ್ಲಿಲ್ಲ ಸರ್."

ಮೇಷ್ಟ್ರ ಇಡೀ ನೌಕರಿಯಲ್ಲಿ ಒಬ್ಬ ವಿದ್ಯಾರ್ಥಿಯ ಬಾಯಿಂದಲೂ ಇಂಥ ಮಾತು ಬಂದಿರಲಿಲ್ಲ.

ಹೆಂಡತಿ ಸೌಟು ಹಿಡಿದೇ ಹೊರಗೆ ಬಂದರು. "ಯಾರ್ರೀ ಅದು, ಹಳೇ ಶಿಷ್ಯನಾ?"

"ಕಳ್ಳ."

"ಕಳ್ಳನಿಗೆ ಪಾಠ ಹೇಳ್ತಿದ್ರಾ?"

"ಬುದ್ಧಿ ಹೇಳ್ದೆ. ಇನ್ನು ಜನ್ಮದಲ್ಲಿ ಅವನು ತಪ್ಪು ಮಾಡಲ್ಲ, ನೋಡ್ತಿರು."

ಅಂದು ಸಂಜೆಯೊಳಗೆ ಕ್ಷೌರದವನಿಗೆ, ಇಸ್ತ್ರಿಯವನಿಗೆ, ಹಾಲಿನವನಿಗೆ ಈ ದಿಗ್ವಿಜಯದ ವರದಿ ತಲುಪಿತು. ಭಾವಮೈದುನನಿಗೆ ಫೋನಿನಲ್ಲಿ ವಿಶೇಷ ಪ್ರಸಾರವಾಯಿತು, ಹಗ್ಗದ ಕಥೆಯ ಮರುಪ್ರಸಾರದೊಂದಿಗೆ.

ಮರುದಿನ ಆಸ್ಪತ್ರೆಯ ನರ್ಸ್ ಒಬ್ಬಳು ಬಂದಳು. ಸೈಕಲ್ಲನ್ನು ನೋಡಿ, "ಚೆನ್ನಾಗಿದೆ ಸರ್, ತಗೊಳ್ತೀನಿ" ಎಂದು ಪರ್ಸ್ ತೆಗೆದು ನೋಟು ಎಣಿಸತೊಡಗಿದಳು. ಮೇಷ್ಟ್ರ ಹುಬ್ಬು ಗಂಟಿಕ್ಕಿತು. ಚೌಕಾಸಿಯಿಲ್ಲ. ಮೂಗು ಮುರಿಯಲಿಲ್ಲ. ಗೇಟಿನ ಕಡೆ ತಿರುಗಿಯೂ ನೋಡಲಿಲ್ಲ. ಎಲ್ಲ ಹಂತಗಳನ್ನೂ ಹಾರಿಸಿ ನೇರ ಉತ್ತರಕ್ಕೇ ಬಂದಿದ್ದಾಳೆ. ಆಗಲೇ ಬೇರೆಯವರಿಗೆ ಕೊಟ್ಟಾಯಿತೆಂದು ಸುಳ್ಳು ಹೇಳಿ ಸಾಗಹಾಕಿದರು. ಹೆಂಡತಿ ಹಣೆ ಹಣೆ ಚಚ್ಚಿಕೊಂಡರು.

"ಕೈಯಲ್ಲಿ ದುಡ್ಡು ಹಿಡ್ಕೊಂಡು ನಿಂತಿದ್ಳಲ್ಲಾ ರೀ."

"ಅದೇ ಅನುಮಾನ. ನಿನಗೆ ಇದೆಲ್ಲ ತಿಳಿಯಲ್ಲ."

ಭಾನುವಾರ ಬಂದವನೇ ನಿಜವಾದ ಗಿರಾಕಿ. ಮಾಸಿದ ಅಂಗಿ, ಕಂಕುಳಲ್ಲಿ ಚೀಲ, ಮನೆಯ ಮುಂದೆ ಸಾಮಾನು ಸಾಗಿಸುವ ಆಟೋ. ಬಂದವನೇ ಪೆಡಲು ತಿರುಗಿಸಿ ಮೂಗು ಮುರಿದ. "ಕಿರ್ ಅಂತಿದೆಯಲ್ಲ ಸರ್. ಸೀಟು ಬೇರೆ ಹರಿದಿದೆ. ಇದಕ್ಕೆ ಇಷ್ಟು ಬೆಲೆನಾ?" ಮೇಷ್ಟ್ರ ಮೈ ಪುಳಕಗೊಂಡಿತು. ಅವನು ಅರ್ಧಕ್ಕೆ ಕೇಳಿದ. ಇವರು ಒಪ್ಪಲಿಲ್ಲ. ಬೇಡ ಬಿಡಿ ಎಂದು ಎದ್ದ, ಗೇಟಿನ ತನಕ ಹೋದ, ಚಿಲಕ ತೆಗೆದ, ಮತ್ತೆ ವಾಪಸ್ ಬಂದ. ಮೇಷ್ಟ್ರು ಪ್ರತಿ ಹಂತಕ್ಕೂ ಒಂದೊಂದು ಸಲ ಹೆಂಡತಿಯ ಕಡೆ ನೋಡಿ, ಕಂಡೆಯಾ ಎಂಬಂತೆ ತಲೆಯಾಡಿಸಿದರು. ಅವನ ದನಿ ಎಲ್ಲೋ ಕೇಳಿದಂತಿದೆ ಅನ್ನಿಸಿತು. ಆದರೆ ಊರಿನ ಅರ್ಧ ಜನ ಅವರ ಕೈಕೆಳಗೆ ಕಲಿತವರೇ. ಎಲ್ಲರ ದನಿಯೂ ಎಲ್ಲೋ ಕೇಳಿದ್ದೇ.

ಬೆಲೆ ಕುದುರಿತು. ಅವನು ತನ್ನ ಫೋನನ್ನು ಒತ್ತಿದ. ಮೇಷ್ಟ್ರ ಮೊಬೈಲು ಟಿಣ್ ಎಂದಿತು. ಬ್ಯಾಂಕಿನ ಗತ್ತಿನಲ್ಲೇ ಬಂದ ಸಂದೇಶ. ತಾರೀಖು ಇವತ್ತಿನದೇ.

"ರೀ, ಖಾತೆ ತೆಗೆದು ಒಂದ್ಸಲ ನೋಡಿಬಿಡಿ" ಎಂದರು ಹೆಂಡತಿ.

"ಹಂತ ಎಲ್ಲಾ ಸರಿ ಇದೆ ಕಣೇ. ಕೊನೇ ಸಾಲು ನೋಡೋದು ಹೊಸ ಮೇಷ್ಟ್ರುಗಳ ಕೆಲಸ."

ಸೈಕಲ್ಲಿನ ಒಂದು ತುದಿಯನ್ನು ಮೇಷ್ಟ್ರೇ ಹಿಡಿದು ಆಟೋಗೆ ಏರಿಸಿದರು. ಗೀರು ಬೀಳದಿರಲೆಂದು ಒಂದು ಒಳ್ಳೆಯ ಟವೆಲ್ಲನ್ನೂ ಸುತ್ತಿಕೊಟ್ಟರು. ಹೊರಡುವಾಗ ಆ ಮನುಷ್ಯ ಬಗ್ಗಿ ಅವರ ಕಾಲು ಮುಟ್ಟಿದ. ಹಳೇ ಸೈಕಲ್ಲಿಗೆ ಇದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿದರೂ ಮೇಷ್ಟ್ರು ಬೇಡವೆನ್ನಲಿಲ್ಲ.

ಸಂಜೆ ಹೆಂಡತಿ ತಾವೇ ಮೊಬೈಲು ತೆಗೆದುಕೊಂಡು ಖಾತೆ ನೋಡಿದರು. ಮೇಲೆ ನೋಡಿದರು, ಕೆಳಗೆ ನೋಡಿದರು. ಸೈಕಲ್ಲಿನ ಹಣದ ಸುಳಿವೇ ಇರಲಿಲ್ಲ. ಮೊಬೈಲನ್ನು ಗಂಡನ ಮುಂದೆ ಹಿಡಿದರು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ನೋಡಿದರು. ಇನ್ನೊಮ್ಮೆ ಒರೆಸಿಕೊಂಡರು. ಅವರ ಕಿವಿ ನಿಧಾನವಾಗಿ ಕೆಂಪೇರಿತು.

ಅಷ್ಟರಲ್ಲಿ ಮೊಬೈಲು ಮತ್ತೆ ಟಿಣ್ ಎಂದಿತು. ಈ ಸಲ ಬ್ಯಾಂಕಿನ ಗತ್ತಿರಲಿಲ್ಲ. ಮೇಷ್ಟ್ರು ಓದಿದರು. ಮತ್ತೆ ಓದಿದರು. ಸಪ್ಪಗಾಗಿದ್ದ ಮುಖದಲ್ಲಿ ಅದೆಲ್ಲಿಂದಲೋ ಒಂದು ಕಳೆ ಬಂತು.

"ಏನಂತೆ?" ಎಂದರು ಹೆಂಡತಿ.

"ಅವನೇ. ನಾನು ಹೇಳಿಕೊಟ್ಟ ಹಾಗೇ ಮಾಡಿದನಂತೆ, ಒಂದು ಕಡೇನೂ ತಪ್ಪಲಿಲ್ಲವಂತೆ. ನಿಜ ಕಣೇ, ನೀನೇ ನೋಡಿದ್ಯಲ್ಲ, ಆ ಗೇಟಿನ ಹಂತ ಎಷ್ಟು ಚೆನ್ನಾಗಿ ಮಾಡ್ದ."

"ಇನ್ನೇನಂತೆ?"

"ಮನೇಲಿ ಟ್ಯೂಷನ್ ಹೇಳ್ತೀರಾ ಅಂತ ಕೇಳಿದಾನೆ. ಅವನ ತಮ್ಮನೂ ಇದೇ ಕಸುಬಿಗೆ ಇಳಿದಿದ್ದಾನಂತೆ, ಸ್ವಲ್ಪ ಮಂದ ಅಂತೆ."

ಹೆಂಡತಿ ಕೈ ಚಾಚಿದರು. ಪ್ರತಿಜ್ಞೆ ಪ್ರತಿಜ್ಞೆಯೇ. ಮನೆಯ ವ್ಯವಹಾರ, ಮೊಬೈಲು, ತರಕಾರಿಯ ಚಿಲ್ಲರೆ, ಎಲ್ಲವೂ ಆ ಅಂಗೈಗಾಗಿ ಕಾಯುತ್ತಿದ್ದವು.

"ಕೊಡ್ತೀನಿ, ಕೊಡಲ್ಲ ಅಂದ್ನಾ?" ಎಂದರು ಮೇಷ್ಟ್ರು, ಮೊಬೈಲನ್ನು ಎದೆಗೊತ್ತಿಕೊಂಡು. "ಒಂದು ನಿಮಿಷ ತಾಳು. ಯಾವ ಹೊತ್ತಿಗೆ ಬರ್ಬೇಕು ಅಂತ ಬರೆದುಬಿಡ್ತೀನಿ. ಪಾಪ, ಅಷ್ಟು ಆಸೆಯಿಂದ ಕೇಳಿದಾನೆ."