ನಡುಮನೆಯಿಂದ ಹೊರಟ ವಿಮಾನ

ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಕೂತವನಿಗೆ ತಮಾಷೆಯ ಪ್ರಸಂಗಗಳಿಗೆ ಬರವಿಲ್ಲ. ಅವು ಬಸ್ಸಿಗಿಂತ ಸರಿಯಾದ ಹೊತ್ತಿಗೆ ಬರುತ್ತವೆ. ಆದರೆ ನಾನು ವಿಮಾನ ಹಾರಿಸಲು ಕಲಿಯಹೊರಟ ವರ್ಷ ನಮ್ಮ ಮನೆಯಲ್ಲಿ ಆದವನ್ನು ತಮಾಷೆ ಅನ್ನಲು ನನಗೆ ಇವತ್ತಿಗೂ ಮನಸ್ಸು ಬಾರದು. ಕೇಳಿದವರು ನಗುತ್ತಾರೆ. ನಾನು ನಕ್ಕವನಲ್ಲ.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ಮಗಳ ಓದಿಗೆಂದು ಮುಳಬಾಗಿಲಿನ ನಮ್ಮ ಮನೆಗೆ ಕಂಪ್ಯೂಟರ್ ತಂದೆವು. ಅವಳು ಕೋಲಾರದ ಹಾಸ್ಟೆಲ್ ಸೇರಿದಳು, ಕಂಪ್ಯೂಟರ್ ನನ್ನ ಪಾಲಿಗೆ ಉಳಿಯಿತು. ಬೆಂಗಳೂರಿನ ಅಂಗಡಿಯೊಂದರಲ್ಲಿ ವಿಮಾನ ಹಾರಿಸುವ ಸಿ.ಡಿ. ಸಿಕ್ಕಿತು. ಅದನ್ನು ಆಟ ಅಂದರೆ ನನಗೆ ಕೋಪ ಬರುತ್ತದೆ. ಜನರನ್ನು ಹೊತ್ತೊಯ್ಯುವ ದೊಡ್ಡ ವಿಮಾನದ ಮುಂಭಾಗ ಹೇಗಿರುತ್ತದೋ ಹಾಗೇ ತೆರೆಯ ಮೇಲೆ ಬರುತ್ತಿತ್ತು. ಎದುರಿಗೆ ಮುಳ್ಳುಗಳು, ತಲೆಯ ಮೇಲೆ ಚಾವಣಿ ತುಂಬ ಸ್ವಿಚ್ಚುಗಳು. ಒಂದು ಸ್ವಿಚ್ಚು ಮರೆತರೂ ಅದು ಕದಲುತ್ತಿರಲಿಲ್ಲ.

ಮೊದಮೊದಲು ಹೊತ್ತು ಕಳೆಯಲು ಕೂತೆ. ಆಮೇಲೆ ಅದು ಹೊತ್ತು ಕಳೆಯುವ ಮಾತಾಗಿ ಉಳಿಯಲಿಲ್ಲ. ಪಕ್ಕದ ಮನೆಯ ಬಳೆ ಅಂಗಡಿ ಸಾಹೇಬರಿಗೂ ಅವರ ಹೆಂಡತಿಗೂ ಹಜ್‌ಗೆ ಹೋಗುವವರ ಪಟ್ಟಿಯಲ್ಲಿ ಹೆಸರು ಬಂದಿತ್ತು. ಸಾಹೇಬರು ಇಡೀ ಆಯುಷ್ಯ ಕಾದಿದ್ದ ಯಾತ್ರೆ ಅದು. ಹೆಂಡತಿಗೆ ವಿಮಾನವೆಂದರೆ ಪ್ರಾಣಭಯ. ಅವರನ್ನು ನಾವೆಲ್ಲ ಆಪಾ ಅನ್ನುತ್ತಿದ್ದೆವು. "ನಮ್ಮ ದಾದಾ ಹಡಗಿನಲ್ಲಿ ಹೋಗಿ ಬಂದ್ರು, ನಾನೂ ಹಡಗಿನಲ್ಲೇ ಹೋಗ್ತೀನಿ" ಅಂತ ಆಪಾ ತಮ್ಮ ತಾತನ ಹೆಸರು ಹೇಳಿ ಹಟ ಹಿಡಿದಿದ್ದರು. ಹಡಗು ನಿಂತು ವರ್ಷಗಳಾದವು ಅಂದರೂ ಕೇಳರು. ಅವರಿಲ್ಲದೆ ಸಾಹೇಬರು ಹೊರಡರು.

ಒಂದು ಸಂಜೆ ಸಾಹೇಬರು ಬಂದು ನನ್ನ ಕೈ ಹಿಡಿದುಕೊಂಡರು. "ಸ್ವಾಮೀ, ಅವಳ ಕಣ್ಣೆದುರಿಗೆ ಒಂದೇ ಒಂದು ಸಲ ಎತ್ತಿ, ಸರಿಯಾಗಿ ಇಳಿಸಿಬಿಡಿ. ವಿಮಾನ ಇಳಿಯುತ್ತೆ ಅಂತ ಗೊತ್ತಾದ್ರೆ ಸಾಕು ಅವಳಿಗೆ." ನಾನು ಹೂಂ ಅಂದೆ. ಅಲ್ಲಿಯವರೆಗೆ ನನ್ನ ವಿಮಾನ ಎಷ್ಟೋ ಸಲ ಮೇಲೆ ಹೋಗಿತ್ತು, ಇಳಿದದ್ದು ಒಂದು ಸಲವೂ ಇಲ್ಲ.

ಸ್ಟಾರ್ಟ್ ಮಾಡುವುದು

ನಮ್ಮ ಡಿಪೋದಲ್ಲಿ ಶ್ರೀನಿವಾಸಪುರದ ರೂಟಿಗೆ ಹೋಗುವ ಹಿರಿಯ ಡ್ರೈವರ್ ಒಬ್ಬರಿದ್ದರು. ಅರ್ಧ ತೆಲುಗು, ಅರ್ಧ ಕನ್ನಡ. ಗಾಡಿ ಇಳಿಸುವ ಸೂಕ್ಷ್ಮ ಡ್ರೈವರ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ ಅಂತ ಒಂದು ಭಾನುವಾರ ಮನೆಗೆ ಕರೆದೆ. ಬ್ಯಾಟರಿ ಹಾಕಿದೆ. ಇಂಧನದ ಪಂಪು ಹಾಕಿದೆ. ಬಾಲದಲ್ಲಿರುವ ಸಣ್ಣ ಎಂಜಿನ್ ಹಚ್ಚಿ, ಅದು ಕಾಯುವವರೆಗೆ ಕಾದೆ. ನನ್ನ ಹೆಂಡತಿ ಕಾಫಿ ಕೊಟ್ಟಳು. ಕಾಫಿ ಮುಗಿಯಿತು.

"ಇದೇಮಿ ಸಾರ್, ಸ್ಟಾರ್ಟ್ ಮಾಡಲ್ವಾ?"

"ಮಾಡ್ತಾನೇ ಇದೀನಲ್ಲಪ್ಪಾ."

ಉಪ್ಪಿಟ್ಟು ಬಂತು. ಉಪ್ಪಿಟ್ಟೂ ಮುಗಿಯಿತು. ಕೊನೆಗೆ ಎರಡನೆಯ ಎಂಜಿನ್ ಹೊತ್ತಿಕೊಂಡಾಗ ಆತ ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಕೂತ್ಕೊಳ್ಳಿ, ಈಗ ಮೇಲೆ ಏಳುತ್ತೆ" ಅಂದೆ. "ಇಲ್ಲ ಸಾರ್, ಇಷ್ಟೊತ್ತಿಗೆ ಶ್ರೀನಿವಾಸಪುರ ನೋಡ್ಕೊಂಡು ವಾಪಸ್ ಬಂದಿರ್ತಿದ್ದೆ" ಅಂದು ಹೊರಟೇಬಿಟ್ಟರು.

ಮರುದಿನ ಬೆಳಿಗ್ಗೆ ನಿಲ್ದಾಣದಲ್ಲಿ ಅವರ ಬಸ್ಸು ಸ್ಟಾರ್ಟ್ ಆಗದೆ ಕೆಮ್ಮುತ್ತ ನಿಂತಿತು. ಜನ ಗೊಣಗತೊಡಗಿದರು. ಆತ ಕಿಟಕಿಯಿಂದ ತಲೆ ಹೊರಹಾಕಿ, ನಾನು ಕೂತಿದ್ದ ಕಡೆ ಕೈ ತೋರಿಸಿ, ಗಂಭೀರವಾಗಿ ಹೇಳಿದರು: "ಸುಮ್ನಿರ್ರಪ್ಪಾ. ನಮ್ ಕಂಟ್ರೋಲರ್ ಸಾರ್ ವಿಮಾನಕ್ಕಿಂತ ಬೇಗ ಸ್ಟಾರ್ಟ್ ಆಗುತ್ತೆ."

ಆಯುಧಪೂಜೆ

ಆಯುಧಪೂಜೆಯ ದಿನ ಹೆಂಡತಿ ನನ್ನ ಸ್ಕೂಟರಿಗೆ ಹೂವು ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, ಹತ್ತಿಸಿ ಮುಗಿಸಿದಳು. ಆಮೇಲೆ ತಟ್ಟೆ ಹಿಡಿದು ಕಂಪ್ಯೂಟರ್ ಮುಂದೆ ಬಂದು ನಿಂತಳು.

"ಸ್ಕೂಟರಿಗೇ ಮಾಡಿದ ಮೇಲೆ ವಿಮಾನಕ್ಕೆ ಬೇಡ್ವೇನ್ರೀ? ದಿನಾ ಬೀಳ್ತಿರೋದು ಅದೇ ತಾನೆ."

ನಾನು ಕುರ್ಚಿ ಸರಿಸಿ ಜಾಗ ಬಿಟ್ಟೆ. ತೆರೆಗೆ ವಿಭೂತಿ ಹಚ್ಚಿದಳು, ಕುಂಕುಮವಿಟ್ಟಳು. "ಗಾಲಿ ಎಲ್ಲಿದೆ?" ಅಂದಳು. ಆಗಿನ ಮೌಸ್‌ಗಳ ಹೊಟ್ಟೆಯೊಳಗೆ ಒಂದು ಗುಂಡು ಇರುತ್ತಿತ್ತು. ಅದು ಉರುಳಿದರೆ ತೆರೆಯ ಮೇಲೆ ಬಾಣ ಓಡುವುದು. ನನ್ನ ವಿಮಾನಕ್ಕೆ ಸ್ಟೇರಿಂಗ್ ಅದೇ. ಮೌಸ್ ಮಗುಚಿ ತೋರಿಸಿದೆ. ಹೆಂಡತಿಗೆ ಸಮಾಧಾನವಾಯಿತು. ನಿಂಬೆಹಣ್ಣು ಹೋಳು ಮಾಡಿ, ಕುಂಕುಮ ಸವರಿ, ಮೇಜಿನ ಮೇಲಿಟ್ಟಳು. ನಾನು ಶ್ರದ್ಧೆಯಿಂದ ಮೌಸನ್ನು ಅದರ ಮೇಲೆ ಹತ್ತಿಸಿದೆ.

ಅಂದಿನಿಂದ ಮೌಸ್ ಎಡಕ್ಕೆ ಸಲೀಸಾಗಿ ಹೋಗುತ್ತಿತ್ತು, ಬಲಕ್ಕೆ ಎಳೆದರೆ ಅಂಟಿಕೊಳ್ಳುತ್ತಿತ್ತು. ಬಿಚ್ಚಿ ಒರೆಸಿದೆ, ಬಿಸಿಲಿಗಿಟ್ಟೆ. ಏನು ಮಾಡಿದರೂ ವಿಮಾನ ಎಡಕ್ಕೇ ವಾಲುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ ಇದೆ. ನನ್ನ ವಿಷಯದಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು.

ಹೊಸ ಮೌಸ್ ತರೋಣವೆಂದರೆ ಪೂಜೆ ಮಾಡಿದ್ದನ್ನು ಬಿಸಾಡಬಾರದು ಅಂದಳು ಹೆಂಡತಿ. ಸಾಹೇಬರು ಬಂದು, ಗೋಡೆಗೆ ಹಾಕಿದ್ದ ಮಗಳ ಭೂಪಟವನ್ನು ಬಹಳ ಹೊತ್ತು ನೋಡಿ, ನನ್ನ ಭುಜ ತಟ್ಟಿದರು. "ಯೋಚನೆ ಮಾಡಬೇಡಿ ಸ್ವಾಮೀ. ಮಕ್ಕಾನೂ ಎಡಗಡೆಗೇ ಇದೆ."

ಟೇಕಲ್ ಬೆಟ್ಟ

ನನ್ನ ಮಾವನವರು ಟೇಕಲ್‌ನವರು. ಊರಿನ ಬೆಟ್ಟದ ಮೇಲೆ ಅವರಿಗೆ ಎಂಥ ಅಭಿಮಾನವೆಂದರೆ, ಪಕ್ಕದ ಮಾಲೂರಿನ ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಅದರ ಸುದ್ದಿ ತೆಗೆಯುತ್ತಿದ್ದರು. ಹಬ್ಬಕ್ಕೆ ನಮ್ಮಲ್ಲಿಗೆ ಬಂದ ಮಾವನವರು, "ಮೇಲಿನಿಂದ ನಮ್ಮ ಬೆಟ್ಟ ಹೆಂಗೆ ಕಾಣುತ್ತೆ, ತೋರ್ಸಿ ನೋಡೋಣ" ಅಂದರು.

ಬೆಂಗಳೂರಿನಿಂದ ವಿಮಾನ ಎತ್ತಿದೆ. ರೈಲು ಹಾದಿಯ ದೂರ ಲೆಕ್ಕ ಹಾಕಿ, ಮೌಸ್ ಜೊತೆ ಗುದ್ದಾಡುತ್ತ, ಟೇಕಲ್ ಇರಬೇಕಾದ ಜಾಗಕ್ಕೆ ಬಂದೆ. ಕೆಳಗೆ ಬೆಟ್ಟವಿರಲಿಲ್ಲ. ಸ್ಟೇಷನ್ ಇರಲಿಲ್ಲ. ಒಂದು ಮನೆಯೂ ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ಚಪ್ಪಟೆ ಹಸಿರು. ಸಿ.ಡಿ. ಮಾಡಿದ ಪುಣ್ಯಾತ್ಮರಿಗೆ ನಮ್ಮ ಕಡೆಯ ಊರುಗಳು ಗೊತ್ತಿರಲಿಲ್ಲವೆಂದು ಮಾವನವರಿಗೆ ವಿವರಿಸಿದೆ.

ಅವರು ಎದ್ದು ಹೋಗಿ ಜಗಲಿಯ ಮೇಲೆ ಕೂತರು. ಊಟಕ್ಕೆ ಎಲೆ ಹಾಕಿದಾಗ ನಾನೇ ಹೋಗಿ, "ಏಳಿ ಮಾವ, ಒಬ್ಬಟ್ಟು ಆರಿಹೋಗುತ್ತೆ" ಅಂದೆ. ಅವರು ನನ್ನ ಮುಖ ನೋಡಲಿಲ್ಲ. "ಊರೇ ಇಲ್ಲ ಅಂದ್ಮೇಲೆ ಆ ಊರಿಗೆ ಅಳಿಯ ಎಲ್ಲಿಂದ ಬಂದ?" ಅಂದರು.

ಒಳಗಿದ್ದವರು

ಹೊರಡುವ ದಿನ ಹತ್ತಿರವಾಗುತ್ತಿತ್ತು. ಸಾಹೇಬರು ಸೊರಗುತ್ತಿದ್ದರು. ಇನ್ನು ತಡಮಾಡುವಂತಿಲ್ಲವೆಂದು ಆಪಾರನ್ನು ಕರೆದು ಕುರ್ಚಿಯಲ್ಲಿ ಕೂರಿಸಿದೆವು. ಜಪಮಾಲೆ ಹಿಡಿದು, ಸೆರಗು ಬಿಗಿಯಾಗಿ ಹೊದ್ದು, ಅವರು ಕಣ್ಣು ಮಿಟುಕಿಸದೆ ನೋಡಿದರು. ಚೆನ್ನೈನಿಂದ ಬೆಂಗಳೂರಿನವರೆಗೆ ವಿಮಾನ ಚೆನ್ನಾಗಿಯೇ ಬಂತು. ಇಳಿಯುವಾಗ ಎಡಕ್ಕೆ ವಾಲಿತು. ಎಳೆದೆ, ಬಾರದು. ರೆಕ್ಕೆ ನೆಲಕ್ಕೆ ತಗುಲಿತು, ವಿಮಾನ ಪುಡಿಯಾಯಿತೆಂದು ತೆರೆಯ ಮೇಲೆ ಕೆಂಪು ಅಕ್ಷರ ಬಂತು.

ಆಪಾ ಮೆಲ್ಲಗೆ ಕೇಳಿದರು. "ಒಳಗಿದ್ದೋರು?"

"ಒಳಗೆ ಯಾರೂ ಇರಲ್ಲ ಆಪಾ, ಇದು ಬರೀ ಚಿತ್ರ."

"ನೀವು ಹತ್ತೋವಾಗ ಸೀಟು ಭರ್ತಿ ಅಂದ್ರಲ್ಲ?"

ಅಂದಿದ್ದು ನಿಜ. ಕಂಟ್ರೋಲರ್ ಬಾಯಿಗೆ ಅದು ಅಭ್ಯಾಸ. ಆಪಾ ಕಣ್ಣು ಮುಚ್ಚಿ, ಸತ್ತವರಿಗೆ ಹೇಳುವ ಪ್ರಾರ್ಥನೆ ಹೇಳಿ, ಸಾಹೇಬರ ಕಡೆ ತಿರುಗಿಯೂ ನೋಡದೆ ಮನೆಗೆ ಹೋದರು. ಅವರು ಹೋದ ಮೇಲೆ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದಳು. "ರೀ, ನಾವು ಸ್ನಾನ ಮಾಡಬೇಕಾ?"

ಕರೆಂಟು

ಸಾಹೇಬರು ಹೇಗೋ ಒಪ್ಪಿಸಿ ಇನ್ನೊಂದು ಸಂಜೆ ಕರೆತಂದರು. "ಇದೇ ಕೊನೇದು, ಸ್ವಾಮೀ" ಅಂತ ನನ್ನ ಕಿವಿಯಲ್ಲಿ ಅಂದರು. ಆ ದಿನದಷ್ಟು ಹೆದರಿಕೆಯಿಂದ ನಾನು ಪರೀಕ್ಷೆಗೂ ಕೂತವನಲ್ಲ.

ಬೆಂಗಳೂರಿನ ರನ್‌ವೇ ಎದುರಿಗೆ ಕಂಡಿತು. ಗಾಲಿ ಇಳಿಸಿದೆ, ವೇಗ ಇಳಿಸಿದೆ. ನೆಲ ಹತ್ತಿರ ಬಂತು. ವಿಮಾನ ಎಡಕ್ಕೆ ವಾಲತೊಡಗಿತು. ರೆಕ್ಕೆ ಇನ್ನೇನು ತಗುಲಬೇಕು, ಕರೆಂಟು ಹೋಯಿತು.

ತೆರೆ ಕಪ್ಪಾಯಿತು. ಮನೆ ಕಪ್ಪಾಯಿತು. ಇಡೀ ಬೀದಿ ಕಪ್ಪಾಯಿತು.

ಕತ್ತಲಲ್ಲಿ ಆಪಾ ದನಿ ಬಂತು. "ಏನಾಯ್ತು?"

ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ಅಂದರು, "ಇಳೀತು."

"ಇಳೀತಾ?"

"ಇಳೀತು. ಒಂಚೂರೂ ಅಲ್ಲಾಡಲಿಲ್ಲ, ನೋಡಿದ್ಯಾ?"

ಕತ್ತಲಲ್ಲಿ ಜಪಮಾಲೆಯ ಮಣಿಗಳ ಸದ್ದು ಮಾತ್ರ ಕೇಳುತ್ತಿತ್ತು. ಹೆಂಡತಿ ಮೇಣದಬತ್ತಿ ತರುವಷ್ಟರಲ್ಲಿ ಆಪಾ ಎದ್ದು ನಿಂತಿದ್ದರು. "ಸರಿ. ಹೋಗೋಣ" ಅಂದರು. ಮನೆಗೆ ಅಂದುಕೊಂಡೆವು. "ಹಜ್‌ಗೆ" ಅಂದರು.

ಬೆಳಗಾಗುವಷ್ಟರಲ್ಲಿ ಕಂಟ್ರೋಲರ್ ವಿಮಾನ ಇಳಿಸಿದ ಸುದ್ದಿ ಬೀದಿಯಲ್ಲೆಲ್ಲ ಹಬ್ಬಿತ್ತು. ಹೇಳಿದವರು ಆಪಾನೇ.

ಮಾಫಿ

ಹಜ್‌ಗೆ ಹೊರಡುವವರು ಬಂಧುಬಳಗ, ನೆರೆಹೊರೆ ಎಲ್ಲರ ಮನೆಗೆ ಹೋಗಿ, ಆಡಿದ್ದು ಮಾಡಿದ್ದು ಏನಿದ್ದರೂ ಮಾಫ್ ಮಾಡಿ ಅಂತ ಕೇಳಿ ಹೊರಡುವುದು ಪದ್ಧತಿ. ಆಪಾ ನಮ್ಮ ಮನೆಗೆ ಒಬ್ಬರೇ ಬಂದರು.

"ಭಾಯ್, ಅವತ್ತು ನಿಮ್ಮ ವಿಮಾನ ಇಳೀಲಿಲ್ಲ. ನನಗೆ ಗೊತ್ತು. ಗೊತ್ತಿದ್ದೂ ಇಳೀತು ಅಂತ ಊರಿಗೆಲ್ಲ ಸುಳ್ಳು ಹೇಳಿದೀನಿ. ಮಾಫ್ ಮಾಡಿ."

"ಮತ್ತೆ ಹೊರಟಿದ್ದು ಯಾಕೆ ಆಪಾ?" ಅಂತ ಕೇಳಿದೆ.

"ಇಷ್ಟು ವರ್ಷ ಸಂಸಾರ ಮಾಡಿದೀವಿ. ಅವರು ನನ್ನ ಹತ್ರ ಒಂದು ಸುಳ್ಳೂ ಹೇಳಿರಲಿಲ್ಲ. ಅಂಥೋರು ಕತ್ತಲಲ್ಲಿ ಹೇಳಿಬಿಟ್ರು. ಪಾಪ, ಹೋಗೋಕೆ ಎಷ್ಟು ಆಸೆ ಇರಬೇಕು ಅನ್ನಿಸ್ತು." ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ತುಂಬಿತು. ಬಾಗಿಲವರೆಗೆ ಹೋದವರು ಹಿಂದಿರುಗಿ, "ಅಲ್ಲಿ ನಿಜವಾದ ಡ್ರೈವರ್ ಇರ್ತಾರೆ ಅಲ್ವಾ?" ಅಂತ ಕೇಳಿ, ನಾನು ಹೌದೆಂದ ಮೇಲೆ ಹೋದರು.

ಆಪಾ ಕೊಟ್ಟ ಸಾಕ್ಷಿ

ಇಬ್ಬರೂ ಸುಖವಾಗಿ ಹೋಗಿ ಬಂದರು. ಖರ್ಜೂರ ಕೊಡಲು ಬಂದ ಆಪಾರನ್ನು ನಿಜವಾದ ವಿಮಾನ ಹೇಗಿತ್ತು ಅಂತ ಕೇಳಿದೆ. "ನಿಮ್ಮದರ ಥರಾನೇ. ಕರೆಂಟು ಹೋಗಲಿಲ್ಲ ಅಷ್ಟೆ" ಅಂದರು. ಅಷ್ಟು ಹೇಳಿ ಕುರ್ಚಿ ಎಳೆದುಕೊಂಡು ಕಂಪ್ಯೂಟರ್ ಮುಂದೆ ಕೂತರು.

"ಈಗ ಇಳಿಸಿ, ಭಾಯ್. ಬೀದಿಯೋರೆಲ್ಲ ಇವತ್ತಿಗೂ ಕೇಳ್ತಾರೆ, ಕಂಟ್ರೋಲರ್ ನಿಜವಾಗ್ಲೂ ಇಳಿಸಿದ್ರಾ ಅಂತ. ಹಜ್ ಮಾಡಿ ಬಂದಿದೀನಿ. ಇನ್ಮೇಲೆ ಸುಳ್ಳು ಹೇಳೋ ಹಾಗಿಲ್ಲ."

ಸಾಹೇಬರು ಬಂದು ಹಿಂದೆ ನಿಂತರು. ಹೆಂಡತಿ ದೇವರ ಮನೆಯಲ್ಲಿ ದೀಪ ಹಚ್ಚಿ ಬಂದಳು. ಬೆಳಗಿನ ಹೊತ್ತು, ಕರೆಂಟಿತ್ತು. ನನ್ನ ಮರ್ಯಾದೆ ಹೋದರೆ ಹೋಗಲಿ, ಆಪಾ ಬಾಯಲ್ಲಿ ಸುಳ್ಳು ಬರಬಾರದು ಅಂತ ಬೇಡಿಕೊಳ್ಳುತ್ತ ವಿಮಾನ ತಂದೆ. ಎಡಕ್ಕೆ ವಾಲುತ್ತದೆಂದು ಮೊದಲೇ ರನ್‌ವೇಯ ಬಲಗಡೆಗೆ ಗುರಿಯಿಟ್ಟೆ. ಅದು ನನ್ನ ಲೆಕ್ಕ ಮೀರಿ ಎಡಕ್ಕೆ ಬಂತು, ರನ್‌ವೇ ದಾಟಿತು, ಆಚೆಯ ಹುಲ್ಲುಗಾವಲಿನ ಮೇಲೆ ನೆಟ್ಟಗಾಗಿ ಕೂತು, ಗಾಲಿಗಳ ಮೇಲೆ ಓಡಿ, ನಿಂತಿತು. ಕೆಂಪು ಅಕ್ಷರ ಬರಲಿಲ್ಲ. ಎರಡೂ ರೆಕ್ಕೆ ನೆಟ್ಟಗಿದ್ದವು. ರನ್‌ವೇ ಮಾತ್ರ ಬಲಗಡೆ ದೂರದಲ್ಲಿ ಖಾಲಿ ಬಿದ್ದಿತ್ತು.

ಎಲ್ಲರೂ ಆಪಾ ಮುಖ ನೋಡಿದೆವು. ಆಗಲೇ ಎದುರುಮನೆಯಾಕೆ ಕಿಟಕಿಯಿಂದ ಬಗ್ಗಿ, "ಇಳೀತಾ ಆಪಾ?" ಅಂತ ಕೂಗಿದರು.

ಆಪಾ ತೆರೆಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. "ಇಳೀತಮ್ಮಾ. ಅಲ್ಲಾನ ದಯೆ, ಒಳಗಿದ್ದೋರಿಗೆ ಒಬ್ಬರಿಗೂ ಏನೂ ಆಗಿಲ್ಲ" ಅಂತ ಬೀದಿಗೆಲ್ಲ ಕೇಳುವಂತೆ ಹೇಳಿದರು.

ಆಮೇಲೆ ನನ್ನ ಕಡೆ ಬಗ್ಗಿ, ದನಿ ತಗ್ಗಿಸಿ, "ಎಲ್ಲಿ ಇಳೀತು ಅಂತ ಅವಳು ಕೇಳೋ ಮೊದಲು ಅದನ್ನ ಆಫ್ ಮಾಡಿಬಿಡಿ, ಭಾಯ್" ಅಂದರು.